ಆಫೀಸ್ ಚಾಟ್ ನಮ್ಮದೇ ಸರ್ವರ್‌ನಲ್ಲಿ ಇರಬೇಕಾ?

ಪರ: ಬಾಡಿಗೆ ಮನೆ ಸಾಕಾಯ್ತು

2025ರ ಜುಲೈನಲ್ಲಿ ನಯಾರಾ ಎನರ್ಜಿಯವರ ಔಟ್‌ಲುಕ್ (ಇಮೇಲ್), ಟೀಮ್ಸ್ (ಚಾಟ್) ಎರಡೂ ಇದ್ದಕ್ಕಿದ್ದಂತೆ ಬಂದ್ ಆದವು. ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ಕಂಪನಿ ಇದು. ಲೈಸೆನ್ಸಿಗೆ ದುಡ್ಡು ಕಟ್ಟಿತ್ತು. ಆದರೆ ಕಂಪನಿಯಲ್ಲಿ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್ ಪಾಲು ಇದೆ ಅಂತ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು, ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ದೆಹಲಿ ಹೈಕೋರ್ಟಿಗೆ ಹೋದ ಮೇಲೆ, ಸುಮಾರು ಒಂದು ವಾರಕ್ಕೆ, ಎಲ್ಲ ವಾಪಸ್ ಬಂತು. ಅಷ್ಟು ದೊಡ್ಡವರಿಗೇ ಹೀಗಾದರೆ, ಇಪ್ಪತ್ತು ಜನರ ನಮ್ಮ ಆಫೀಸು ಯಾವ ಕೋರ್ಟಿಗೆ ಹೋಗಬೇಕು?

ಅಷ್ಟು ದೂರ ಯಾಕೆ. ಸ್ಲ್ಯಾಕ್ ಅನ್ನೋ ಆಫೀಸ್ ಚಾಟ್ ಆ್ಯಪ್‌ನ ಪುಕ್ಕಟೆ ಪ್ಲಾನ್‌ನಲ್ಲಿ 90 ದಿನ ದಾಟಿದ ಮೆಸೇಜ್ ಕಾಣುವುದಿಲ್ಲ. ಆರು ತಿಂಗಳ ಹಿಂದೆ ಗಿರಾಕಿ ಒಪ್ಪಿದ ರೇಟು ಎಷ್ಟು ಅಂತ ಹುಡುಕಿದರೆ, ಮೊದಲು ದುಡ್ಡು ಕಟ್ಟಿ ಅನ್ನುತ್ತದೆ. ನಾವೇ ಬರೆದದ್ದು, ಅಲ್ವಾ? ದುಡ್ಡು ಕಟ್ಟಿದರೂ ಬಿಲ್ಲು ತಲೆಗಿಷ್ಟು ಅಂತ. ಜುಲಿಪ್‌ನಂಥ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಚಾಟ್ ನಮ್ಮ ಸರ್ವರ್‌ಗೆ ಹಾಕಿಕೊಂಡರೆ ಹಳೆಯ ಮಾತು ನಮ್ಮ ಡಿಸ್ಕಿನಲ್ಲೇ ಇರುತ್ತದೆ. ಫ್ರಾನ್ಸ್ ಸರ್ಕಾರ 2019ರಲ್ಲೇ ತನ್ನ ನೌಕರರಿಗೆ ಮ್ಯಾಟ್ರಿಕ್ಸ್ ಅನ್ನೋ ಮುಕ್ತ ಚಾಟ್ ವ್ಯವಸ್ಥೆಯ ಮೇಲೆ ಕಟ್ಟಿದ ಚಾಟ್ ಕೊಟ್ಟಿತು.

ವಿರೋಧ: ಸೂರು ಸೋರಿದರೆ ಹತ್ತೋರು ಯಾರು?

ಫ್ರಾನ್ಸ್ ಸರ್ಕಾರಕ್ಕೆ ಸರ್ವರ್ ನೋಡಲು ಒಂದು ಪಡೆಯೇ ಇದೆ. ನಮ್ಮಲ್ಲಿ ಇರೋದು ಒಬ್ಬ ಹುಡುಗ. ಅಪ್‌ಡೇಟ್ ಅವನದೇ, ಬ್ಯಾಕಪ್ ಅವನದೇ, ಜೊತೆಗೆ ಅವನ ನಿಜವಾದ ಕೆಲಸ ಬೇರೆ.

ನಮ್ಮದೇ ಸರ್ವರ್ ಆದರೆ ಏನೂ ಹೊರಗೆ ಹೋಗಲ್ಲ ಅಂತಾರೆ, ಅದೂ ಪೂರ್ತಿ ನಿಜವಲ್ಲ. ಫೋನು ಟಿಣ್ ಅನ್ನಬೇಕಾದರೆ ಆ ನೋಟಿಫಿಕೇಶನ್ ಸಾಮಾನ್ಯವಾಗಿ ಆಪಲ್ ಇಲ್ಲವೇ ಗೂಗಲ್ ಸರ್ವರ್ ಹಾದೇ ಬರುತ್ತದೆ.

ಹಿಂದಿನ ಆಫೀಸಿನಲ್ಲಿ ಇದನ್ನು ಅನುಭವಿಸಿದ್ದೇನೆ. ಸರ್ವರ್ ನೋಡುವವನು ಅಕ್ಕನ ಮದುವೆಗೆ ಶಿರಸಿಗೆ ಹೋಗಿದ್ದ. ಶನಿವಾರ ಬೆಳಿಗ್ಗೆ ನೋಡಿದರೆ ಒಂದು ಮೆಸೇಜೂ ಹೋಗುತ್ತಿಲ್ಲ. ಡಿಸ್ಕ್ ಫುಲ್. ಸೈಟಿನವರು ದಿನಾ ಹಾಕುತ್ತಿದ್ದ ವಿಡಿಯೊಗಳು ಜಾಗವನ್ನೆಲ್ಲ ನುಂಗಿದ್ದವು. ಸರ್ವರ್ ಬಿದ್ದಿದೆ ಅಂತ ಎಲ್ಲರಿಗೂ ಹೇಳೋಣ ಅಂದರೆ, ಹೇಳುವ ಜಾಗವೇ ಬಿದ್ದಿತ್ತು! ಹತ್ತು ನಿಮಿಷದಲ್ಲಿ ವಾಟ್ಸಾಪ್ ಗ್ರೂಪ್ ಹುಟ್ಟಿತು. ಅವನು ಪಾಪ, ಊಟದ ಹಾಲ್‌ನ ಮೂಲೆಯಲ್ಲಿ ಪಂಚೆ ಮಡಚಿ ಕೂತು, ಫೋನಿನಲ್ಲೇ ಒಂದೊಂದಾಗಿ ಫೈಲು ಅಳಿಸಿದ. ಆಚೆ ಎರಡನೇ ಪಂಕ್ತಿ ಕೂತಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸರ್ವರ್ ಎದ್ದಿತು. ವಾಟ್ಸಾಪ್‌ಗೆ ಹೋದ ಜನ ಮಾತ್ರ ವಾಪಸ್ ಬರಲಿಲ್ಲ.