ಕೆಂಪು ಚುಕ್ಕಿ

ಮ್ಯೂನಿಕ್‌ಗೆ ಬಂದು ಎಂಟು ವರ್ಷವಾಯಿತು. ಕಳೆದ ವರ್ಷ ಮಗಳು ಶಾಲೆಯಿಂದ ಒಂದು ಚೀಟಿ ತಂದಳು. ಮನೆ ಹತ್ತಿರದ ಆಟದ ಜಾಗವನ್ನು ಹೊಸದಾಗಿ ಮಾಡುತ್ತಾರಂತೆ, ಶನಿವಾರ ಸಭೆಯಂತೆ. ನಾನು ಹೊರಡಲು ತಯಾರಾದೆ. "ಅಪ್ಪಾ, ಕರೆದಿರೋದು ನಿನ್ನನ್ನಲ್ಲ, ನನ್ನನ್ನ" ಅಂದಳು. ಅವಳಿಗೆ ಒಂಬತ್ತು ವರ್ಷ.

ಆದರೂ ಹೋದೆ, ಹಿಂದಿನ ಸಾಲಿನಲ್ಲಿ ಕೂತೆ. ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದ್ದರು. ಕಚೇರಿಯಿಂದ ಬಂದಾತ ಮಂಡಿಯೂರಿ ಕೂತು ಕೇಳಿದ್ದು ಉಯ್ಯಾಲೆ ಬೇಕಾ, ಜಾರುಬಂಡೆ ಬೇಕಾ ಅಂತಲ್ಲ. ಶಾಲೆಗೆ ಯಾವ ದಾರಿಯಲ್ಲಿ ಹೋಗ್ತೀರಿ? ಎಲ್ಲಿ ನಿಲ್ತೀರಿ? ಇಷ್ಟವಾದ ಜಾಗಕ್ಕೆ ಹಸಿರು ಚುಕ್ಕಿ, ಭಯವಾಗುವ ಜಾಗಕ್ಕೆ ಕೆಂಪು. ಮಗಳು ಸೀದಾ ಹೋಗಿ ರೈಲು ಹಳಿಯ ಕೆಳಗಿನ ಸುರಂಗದಾರಿಯ ಮೇಲೆ ಕೆಂಪು ಚುಕ್ಕಿ ಅಂಟಿಸಿದಳು. ದಿನಾ ನಾನೂ ಅದೇ ದಾರಿಯಲ್ಲಿ ಓಡಾಡುತ್ತೇನೆ. ಅವಳು ಅಲ್ಲಿ ಉಸಿರು ಬಿಗಿಹಿಡಿದು ಓಡುತ್ತಾಳೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನೋಡುತ್ತಿದ್ದಂತೆ ಅದರ ಪಕ್ಕ ಇನ್ನೂ ನಾಲ್ಕು ಕೆಂಪು ಚುಕ್ಕಿ ಬಿದ್ದವು.

ಹದಿನಾಲ್ಕರ ಆಸುಪಾಸಿನ ಮೂವರು ಹುಡುಗಿಯರು ತಮಗೆ ಆಟವೇ ಬೇಡ, ಮಳೆ ಬಂದರೆ ಕೂತು ಮಾತಾಡೋಕೆ ಒಂದು ಸೂರು ಸಾಕು ಅಂದರು. ಚೆಂಡು ಹಿಡಿದಿದ್ದ ಹುಡುಗರು ನಕ್ಕರು. ಆತ ನಗಲಿಲ್ಲ, ಬರೆದುಕೊಂಡ. ಕೆಲವು ತಿಂಗಳಾದ ಮೇಲೆ ಶಾಲೆಗೆ ಉತ್ತರ ಬಂತು. ಸುರಂಗದಾರಿಗೆ ಹೆಚ್ಚು ದೀಪ, ಆಗುತ್ತದೆ. ನೀರಾಟದ ಜಾಗ ಆಗುವುದಿಲ್ಲ, ನಿರ್ವಹಣೆಗೆ ಹಣವಿಲ್ಲ. ಇಲ್ಲ ಅಂದದ್ದಕ್ಕೂ ಮಕ್ಕಳಿಗೆ ಕಾರಣ ಕೊಟ್ಟಿದ್ದರು ನೋಡಿ, ನಾನು ಸೋತದ್ದು ಅಲ್ಲಿ. ಇದು ಯಾರದೋ ಒಳ್ಳೆಯತನವೂ ಅಲ್ಲ. ಬಡಾವಣೆ ಯೋಜನೆ ಮಾಡುವಾಗ ಸಾರ್ವಜನಿಕರನ್ನು ಕೇಳಬೇಕು, ಮಕ್ಕಳೂ ಹದಿಹರೆಯದವರೂ ಸಾರ್ವಜನಿಕರೇ ಅಂತ 2013ರಲ್ಲಿ ಜರ್ಮನಿಯ ಕಟ್ಟಡ ಕಾನೂನಿಗೇ ಸಾಲು ಸೇರಿಸಿದ್ದಾರೆ.

ಅದೇ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಅಕ್ಕನ ಮನೆ ಎದುರಿನ ಪಾರ್ಕನ್ನೂ ಹೊಸದಾಗಿ ಮಾಡುತ್ತಿದ್ದರು. ಭಾವ ಬಡಾವಣೆ ಸಂಘದಲ್ಲಿದ್ದಾರೆ, ಸಭೆ ಅವರ ಮನೆ ಹಾಲ್‌ನಲ್ಲೇ. ಕಾಫಿ ಲೋಟ ಹಂಚುತ್ತಿದ್ದ ಅಕ್ಕನ ಮಗಳು ಮೆಲ್ಲಗೆ, "ಥ್ರೋಬಾಲ್ ಆಡೋಕೆ ಸ್ವಲ್ಪ ಜಾಗ ಬಿಡ್ತೀರಾ?" ಅಂದಳು. "ದೊಡ್ಡೋರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಪುಟ್ಟಿ" ಅಂದರು ಯಾರೋ, ಪ್ರೀತಿಯಿಂದಲೇ. ಕೊನೆಗೆ ಬಂದದ್ದು ವಾಕಿಂಗ್ ಟ್ರ್ಯಾಕು, ಕಬ್ಬಿಣದ ಜಿಮ್ಮು, ಒಂದು ಕಾರಂಜಿ. ಗೇಟಿನ ಮೇಲೆ ಬೋರ್ಡು: ಚೆಂಡಾಟ ನಿಷೇಧಿಸಿದೆ. ಮಕ್ಕಳು ನಿಲ್ಲಿಸಿದ ಕಾರುಗಳ ಮಧ್ಯೆ ಆಡುತ್ತಾರೆ. "ಗಾಡಿ ಬಂತೂ" ಅಂತ ಒಬ್ಬ ಕೂಗಿದರೆ ವಿಕೆಟ್ ಎತ್ತಿ ಪಕ್ಕಕ್ಕಿಡಬೇಕು. ಮಗುವಿನ ಹೆಸರು, ಶಾಲೆ, ಟ್ಯೂಷನ್ ಎಲ್ಲದಕ್ಕೂ ಜೀವ ತೇಯುವ ನಾವು, ಅದು ನಡೆಯುವ ರಸ್ತೆಯ ಬಗ್ಗೆ ಅದನ್ನೇ ಒಂದು ಮಾತು ಕೇಳೋಲ್ಲ, ಅಲ್ವಾ? ಹೋದಾಗೆಲ್ಲ ನನಗೆ ಇದೇ ಕಿರಿಕಿರಿ.

ಇದನ್ನೆಲ್ಲ ಫೋನಿನಲ್ಲಿ ಚಿಕ್ಕಪ್ಪನ ಮಗಳ ಹತ್ತಿರ ಕೊಚ್ಚಿಕೊಂಡೆ. ಅವಳು ಕುಂದಾಪುರದ ಕಡೆ ಹಳ್ಳಿಯೊಂದರಲ್ಲಿ ಟೀಚರ್. ಪೂರ್ತಿ ಕೇಳಿ, "ಅಣ್ಣ, ಮಕ್ಕಳ ಗ್ರಾಮಸಭೆ ಅಂತ ಕೇಳಿದ್ದೀರಾ?" ಅಂದಳು. ನಾನು ಸುಮ್ಮನಾದೆ. ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳಿದ್ದವು. ಆಮೇಲೆ ರಾಜ್ಯದ ಗ್ರಾಮ ಪಂಚಾಯಿತಿಗಳೆಲ್ಲ ವರ್ಷಕ್ಕೊಮ್ಮೆ ಮಕ್ಕಳ ಸಭೆ ನಡೆಸಬೇಕು ಅಂತ ಸರ್ಕಾರವೇ ಹೇಳಿತು. ಜರ್ಮನಿಯ ಆ ಕಾನೂನಿನ ಸಾಲಿಗಿಂತ ಎಷ್ಟೋ ಮೊದಲು ನಮ್ಮ ಹಳ್ಳಿ ಮಕ್ಕಳು ಪಂಚಾಯಿತಿ ಎದುರು ನಿಂತು ಪ್ರಶ್ನೆ ಕೇಳುತ್ತಿದ್ದರು. ಪೇಟೆಯಲ್ಲಿ ಬೆಳೆದ ನನಗೆ ಅದು ಕಿವಿಗೇ ಬಿದ್ದಿರಲಿಲ್ಲ. ಎಲ್ಲ ಕಡೆ ಸರಿಯಾಗಿ ನಡೆಯೋಲ್ಲ, ಕೆಲವು ಕಡೆ ಫೋಟೋ ತೆಗೆದು ಬಿಸ್ಕತ್ತು ಕೊಟ್ಟು ಮುಗಿಸುತ್ತಾರೆ ಅಂತ ಅವಳೇ ಹೇಳಿದಳು.

ಇನ್ನು ಇಲ್ಲಿಯದನ್ನೂ ಹೇಳಬೇಕಲ್ಲ. ಮಕ್ಕಳ ಗಲಾಟೆ ಅಂತ ಅಕ್ಕಪಕ್ಕದವರು ಕೋರ್ಟಿಗೆ ಹೋಗುವ ದೇಶ ಇದು. ಆಟದ ಮೈದಾನದಲ್ಲಿ ಮಕ್ಕಳು ಮಾಡುವ ಸದ್ದನ್ನು ಸಾಮಾನ್ಯವಾಗಿ ಮಾಲಿನ್ಯದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ 2011ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮೂರ ಬೀದಿಯಲ್ಲಿ ಕಿಟಕಿ ಗಾಜು ಒಡೆದರೆ ಬೈಗುಳ ಬೀಳುತ್ತದೆ, ಚೆಂಡು ಎರಡು ದಿನ ಜಪ್ತಿಯಾಗುತ್ತದೆ, ಅಷ್ಟೇ. ಮಗಳ ಮೈದಾನವೂ ಇನ್ನೂ ಆಗಿಲ್ಲ. ಆಗುವ ಹೊತ್ತಿಗೆ ಅವಳಿಗೇ ಆ ಸೂರು ಬೇಕಾಗುವ ವಯಸ್ಸು ಬಂದಿರುತ್ತದೆ.

"ನಿಮ್ಮ ಮಕ್ಕಳು ಏನು ಕೇಳಿದರು?" ಅಂತ ತಂಗಿಯನ್ನು ಕೇಳಿದೆ.

"ಕಾಲುಸಂಕ. ಮಳೆಗಾಲದಲ್ಲಿ ಶಾಲೆಗೆ ಬರೋಕೆ ಹಳ್ಳ ದಾಟಬೇಕಲ್ಲ."

"ಆಯ್ತಾ?"

"ಮೂರು ವರ್ಷ ಸತತ ಕೇಳಿದರು. ಈ ಸಲ ಎರಡು ಕಂಬ ಎದ್ದಿದೆ."