ಇರೋದೊಂದು ಎಡಗೈ

"ಇರೋದೊಂದು ಎಡಗೈ. ಅದಕ್ಕೆ ಎಷ್ಟು ವಾಚು ಬೇಕು ನಿಮಗೆ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಏಳುವುದು ಬೀರು ಕ್ಲೀನ್ ಮಾಡುವ ದಿನ. ಅದೇ ಬೀರುವಿನಲ್ಲಿರುವ ಸೀರೆಗಳ ಲೆಕ್ಕ ತೆಗೆದು ಎದುರುತ್ತರ ಕೊಡಬಹುದು. ಬುದ್ಧಿ ಇರುವ ಗಂಡಸು ಆ ದಾರಿ ಹಿಡಿಯುವುದಿಲ್ಲ. "ಇದು ಹಳೇದು ಕಣೇ, ಇನ್ಮೇಲೆ ಸಿಗಲ್ಲ" ಅಂತ ಮೆಲ್ಲಗೆ ಹೇಳಿ ಡಬ್ಬಿ ಮುಚ್ಚುತ್ತಾನೆ.

ವಾಚು ಕೂಡಿಹಾಕುವ ಹುಚ್ಚಿನಲ್ಲಿ ಒಂದು ಕವಲು ಸ್ವಿಟ್ಜರ್ಲೆಂಡಿನ ಕಡೆ ಹೋಗುತ್ತದೆ. ಅಲ್ಲಿ ಒಂದೊಂದು ವಾಚಿನ ಬೆಲೆಗೆ ಊರಾಚೆ ಒಂದು ಸೈಟ್ ಬರುತ್ತದೆ. ಅವರ ದುಡ್ಡು, ಅವರ ಕೈ, ನಾವ್ಯಾಕೆ ಮಾತಾಡಬೇಕು? ಸಂಬಳದವರ ಹುಚ್ಚಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಜಾಲಹಳ್ಳಿ ಸಾಕು, ಎಚ್‌ಎಂಟಿ ವಾಚು ಹುಟ್ಟಿದ್ದು ಅಲ್ಲೇ.

ಸರ್ಕಾರಿ ಕಂಪನಿ ಎಚ್‌ಎಂಟಿ (ಹಿಂದೂಸ್ತಾನ್ ಮಷಿನ್ ಟೂಲ್ಸ್) ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದಾಗ ಅದರ ಕೆಲಸ ಯಂತ್ರ ಮಾಡುವ ಯಂತ್ರಗಳನ್ನು ಮಾಡುವುದು. ಅಂಥ ಭಾರೀ ಕಬ್ಬಿಣದ ಕೆಲಸದವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಕೂದಲೆಳೆಯಷ್ಟು ಸಣ್ಣ ಕೆಲಸಕ್ಕೆ ಕೈ ಹಾಕಿದರು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅದಕ್ಕೆ ಮುಂಚೆ ವಾಚೆಂದರೆ ವೆಸ್ಟ್ ಎಂಡ್, ಫಾವ್ರ್ ಲ್ಯೂಬಾ ಥರದ ಹೊರದೇಶದ ಹೆಸರುಗಳು. ಊರಿಗೆ ಒಬ್ಬರೋ ಇಬ್ಬರೋ ಕಟ್ಟುತ್ತಿದ್ದರು, ಉಳಿದವರು ಅವರನ್ನು ಟೈಮ್ ಕೇಳುತ್ತಿದ್ದರು.

ಎಚ್‌ಎಂಟಿಯವರು ಇಟ್ಟ ಹೆಸರುಗಳನ್ನು ನೋಡಿ. ಜನತಾ, ಜವಾನ್, ಪೈಲಟ್, ಕೊಹಿನೂರ್, ಸೋನಾ, ಕಾಂಚನ್. ಹೆಂಗಸರಿಗೆ ಸುಜಾತಾ, ಪ್ರಿಯಾ. ಈಗಿನ ವಾಚುಗಳಿಗೆ ಇಂಗ್ಲಿಷ್ ಅಕ್ಷರ ನಾಲ್ಕು, ಅಂಕಿ ಆರು, ಕೊನೆಗೊಂದು ಅಡ್ಡಗೆರೆ. ಅಂಥದ್ದನ್ನು ಹೆಸರು ಹಿಡಿದು ಕರೆಯುವುದು ಹೇಗೆ? "ನನ್ನ ಸುಜಾತಾ ನಿಂತುಹೋಗಿದೆ" ಅಂದರೆ ಕೇಳಿದವರಿಗೂ ಅಯ್ಯೋ ಅನ್ನಿಸುತ್ತದೆ. ಸುಜಾತಾ ಕಟ್ಟಿದ ಟೀಚರುಗಳನ್ನು ನೋಡಿದವರಿಗೆ ಇನ್ನೊಂದು ನೆನಪೂ ಇರಬೇಕು. ಅವರು ಡಯಲನ್ನು ಮಣಿಕಟ್ಟಿನ ಒಳಬದಿಗೆ ಬರುವ ಹಾಗೆ ಕಟ್ಟುತ್ತಿದ್ದರು. ಬೆಲ್ ಹೊಡೆಯಲು ಎಷ್ಟು ನಿಮಿಷ ಇದೆ ಅನ್ನುವುದು ಮಕ್ಕಳಿಗೆ ಕಾಣಬಾರದು ಅನ್ನುವ ಉಪಾಯ ಅದು ಅಂತ ನನಗೆ ಈಗಲೂ ಗುಮಾನಿ.

ಕಾಂಚನ್‌ನದು ಬೇರೆ ಠೀವಿ. ಬಂಗಾರದ ಬಣ್ಣದ ಬಾಡಿ, ಕೈ ಆಡಿಸಿದರೆ ತಾನೇ ಕೀ ತಿರುಗಿಸಿಕೊಳ್ಳುವ ಆಟೋಮ್ಯಾಟಿಕ್. ವರನ ಕಡೆಯವರು ಇದೇ ಬೇಕು ಅಂತ ಹಟ ಹಿಡಿಯುತ್ತಿದ್ದರು. ಹೆಣ್ಣಿನ ತಂದೆ ಬ್ಲ್ಯಾಕ್‌ನಲ್ಲಿ ಜಾಸ್ತಿ ದುಡ್ಡು ಕೊಟ್ಟು ತರುತ್ತಿದ್ದ. ಇವತ್ತು ನನಗೆ ಅದನ್ನು ನೋಡಿದರೆ ಸ್ವಲ್ಪ ದೌಲತ್ತು ಜಾಸ್ತಿ ಅನ್ನಿಸುತ್ತದೆ. ನನ್ನ ಓಟು ಜನತಾಗೆ.

ಜನತಾ ಅಂದರೆ ಏನೂ ಇಲ್ಲದ ವಾಚು. ತಾರೀಖಿಲ್ಲ, ವಾರವಿಲ್ಲ, ಕತ್ತಲಲ್ಲಿ ಹೊಳೆಯುವುದೂ ಇಲ್ಲ. ಬಿಳಿ ಡಯಲ್, ಮೂರು ಮುಳ್ಳು, ಸುಮಾರು 35 ಮಿಲಿಮೀಟರ್ ಅಗಲ. ಈಗ ಅಂಗಡಿಗೆ ಹೋದರೆ 42ರ ಕೆಳಗೆ ತೋರಿಸುವುದೇ ಕಷ್ಟ. ಸಣ್ಣ ಮಣಿಕಟ್ಟಿನ ಹುಡುಗರು ಅದನ್ನು ಕಟ್ಟಿಕೊಂಡರೆ ಬೆಲ್ಟು ಸಿಕ್ಕಿಸುವ ಬಾಡಿಯ ಕೊಂಡಿಗಳು ಎರಡೂ ಕಡೆ ಕೈಯಿಂದಾಚೆ ಚಾಚಿರುತ್ತವೆ. ಆರಿಸುವವರಿಗೆ ಒಂದೇ ಲೆಕ್ಕ: ಕೊಂಡಿ ಕೈಯಗಲದ ಒಳಗೇ ಇರಬೇಕು. ಉಳಿದದ್ದೆಲ್ಲ ಆಮೇಲೆ.

ಅದರ ಹಿಂದಿನ ಮುಚ್ಚಳ ತೆಗೆಸಿ ಒಂದು ಸಲ ಒಳಗೆ ನೋಡಬೇಕು. ಕೂದಲಿನಂಥ ಸುರುಳಿಯ ಮೇಲೆ ಒಂದು ಪುಟ್ಟ ಚಕ್ರ ಅತ್ತಿಂದಿತ್ತ ತೂಗಾಡುತ್ತಿರುತ್ತದೆ. ತಿರುಗಾಟದಲ್ಲಿ ಸವೆಯುವ ಜಾಗಗಳಲ್ಲಿ ನಸುಗೆಂಪು ಕಲ್ಲುಗಳು, ಒಟ್ಟು 17. ಡಯಲಿನ ಮೇಲೆ "17 ಜ್ಯುವೆಲ್ಸ್" ಅಂತ ಬರೆದಿರುವುದು ಅದನ್ನೇ. ಮಾಣಿಕ್ಯ ಅಂತ ಕೇಳಿ ಯಾರೂ ಆಸೆ ಪಡಬೇಡಿ, ಕಾರ್ಖಾನೆಯಲ್ಲಿ ಮಾಡಿದ ಕಲ್ಲು ಅವು. ಇನ್ನೊಂದು ಮಾತು ಅಲ್ಲೇ ಇರುತ್ತದೆ, "ಪ್ಯಾರಾಶಾಕ್". ವಾಚು ಕೈತಪ್ಪಿ ಬಿದ್ದರೆ ಆ ತೂಗುಚಕ್ರದ ಅಚ್ಚು ಮುರಿಯಬಾರದು ಅಂತ ಮಾಡಿದ ಸ್ಪ್ರಿಂಗಿನ ಏರ್ಪಾಡು. ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವ ನಮ್ಮ ಜನಕ್ಕೆ ಅದು ಬೇಕೇ ಬೇಕಿತ್ತು.

ಆ ಚಕ್ರ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಗಂಟೆಗೆ 18,000. ದಿನಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 4,32,000. ಈ ಸಂಖ್ಯೆಯನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿದರೆ, ಹೌದು, ಪುರಾಣದ ಪ್ರಕಾರ ಕಲಿಯುಗಕ್ಕೆ ಇರುವ ವರ್ಷಗಳು ಅಷ್ಟೇ. ಜನತಾ ವಾಚು ಟಿಕ್ಕಿಗೊಂದು ವರ್ಷದಂತೆ ದಿನಕ್ಕೊಂದು ಕಲಿಯುಗ ಮುಗಿಸುತ್ತದೆ. ಜಪಾನಿನವರು ಇದನ್ನು ನೋಡಿ ಮಾಡಿದ್ದಲ್ಲ, ಸುಮ್ನೆ ಕೂಡಿಬಂದದ್ದು. ಆದರೂ ಬೆಳಿಗ್ಗೆ ಕೀ ಕೊಡುವಾಗ ಮನಸ್ಸಿಗೆ ಒಂಥರಾ ಖುಷಿ.

ಕೀ ಕೊಡುವುದಕ್ಕೂ ಒಂದು ಕ್ರಮ ಇದೆ. ವಾಚನ್ನು ಕೈಯಿಂದ ಬಿಚ್ಚಿ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಕೀ ಕಡ್ಡಿಗೆ ಪಕ್ಕದಿಂದ ಒತ್ತಡ ಬೀಳುತ್ತದೆ. ಇನ್ನು ತಿರುಗುವುದಿಲ್ಲ ಅನ್ನುವಷ್ಟು ಬಿಗಿಯಾದಾಗ ನಿಲ್ಲಿಸಿದರೆ ಆಯಿತು. ಸುಮಾರು ಒಂದೂವರೆ ದಿನ ಓಡುತ್ತದೆ. ರೇಡಿಯೋ ವಾರ್ತೆ ಶುರುವಾಗುವ ಹೊತ್ತಿಗೆ ಕೀ ಕೊಟ್ಟು, ಮುಳ್ಳು ಸರಿಮಾಡಿ, ಆಮೇಲೆ ಕಾಫಿ ಲೋಟ ಮುಟ್ಟುವವರು ಪ್ರತಿ ಬೀದಿಯಲ್ಲೂ ಇದ್ದರು. ಅವರಿಗೆ ಇದ್ದದ್ದು ಒಂದೇ ವಾಚು. ಮದುವೆಯಲ್ಲಿ ಕಟ್ಟಿದ್ದು ರಿಟೈರ್ ಆಗುವ ತನಕ.

ಈ ವಾಚು ದಿನಕ್ಕೆ ಇಪ್ಪತ್ತು ಸೆಕೆಂಡು ಹಿಂದೆ ಬೀಳುತ್ತದೆ ಅಂತ ಕೆಲವರ ದೂರು. ದಿನಕ್ಕೆ 86,400 ಸೆಕೆಂಡು. ಅದರಲ್ಲಿ ಇಪ್ಪತ್ತು ತಪ್ಪಿದರೆ ನೂರಕ್ಕೆ 99.98 ಅಂಕ ಬಂದ ಹಾಗಾಯಿತು. ಮನೆಯ ಮಕ್ಕಳು ಅಷ್ಟು ತಂದರೆ ಬೀದಿಗೆಲ್ಲ ಪೇಡ ಹಂಚುತ್ತೇವೆ, ಅಲ್ವಾ?

ಆದರೆ ಜಗತ್ತಿಗೆ ಅದು ಸಾಲಲಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಕ್ವಾರ್ಟ್ಜ್ ಹರಳಿನ ಕೈಗಡಿಯಾರ ಮಾರುಕಟ್ಟೆಗೆ ತಂದಿತು. ಈಗಿನ ಸೆಲ್ ವಾಚುಗಳ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇಲ್ಲಿ 1984ರಲ್ಲಿ ಟೈಟನ್ ಶುರುವಾಯಿತು, ಹೊಸೂರಿನಲ್ಲಿ ಕಾರ್ಖಾನೆ ಎದ್ದಿತು. ಸೆಲ್ ಹಾಕಿದರೆ ವರ್ಷಗಟ್ಟಲೆ ಕೀ ಕೊಡುವ ಮಾತೇ ಇಲ್ಲ, ಜೊತೆಗೆ ನೋಡಲು ಲಕ್ಷಣವಾಗಿತ್ತು. ಅಳಿಯಂದಿರು ಪಕ್ಷ ಬದಲಾಯಿಸಿದರು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ ತೆಗೆದುಕೊಂಡಿತು. ನಮ್ಮ ಜನದ ಸ್ವಭಾವ ಗೊತ್ತಲ್ಲ, ಮುಚ್ಚುತ್ತದೆ ಅನ್ನುವ ಸುದ್ದಿ ಬಂದ ಮೇಲೆ ಎಲ್ಲರಿಗೂ ಬೇಕಾಯಿತು. ಎಚ್‌ಎಂಟಿ ಹೆಸರಿನ ಹೊಸ ವಾಚು ಈಗಲೂ ಸಿಗುತ್ತವೆ. ಜಾಲಹಳ್ಳಿಯಲ್ಲಿ ಒಂದು ಮ್ಯೂಸಿಯಂ ಕೂಡ ಮಾಡಿದ್ದಾರೆ, ಹೋದವರು ಹಳೆಯ ಮಾಡೆಲ್‌ಗಳ ಮುಂದೆಯೇ ಜಾಸ್ತಿ ಹೊತ್ತು ನಿಲ್ಲುತ್ತಾರೆ. ನಮ್ಮ ಹುಚ್ಚಿಗೆ ಬೇಕಾದದ್ದೂ ಆ ಹಳೆಯವೇ, ಒಬ್ಬರ ಕೈಯಲ್ಲಿ ಇದ್ದು ಬಂದವು.

ಹಳೆಯದನ್ನು ಆರಿಸುವುದೇ ನಿಜವಾದ ಆಟ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಪ್ಲಾಸ್ಟಿಕ್ ಹಾಸಿ ವಾಚು ಗುಡ್ಡೆ ಹಾಕಿರುತ್ತಾರೆ. ಅದರಲ್ಲಿ ಫಳಫಳ ಅನ್ನುವುದನ್ನು ಮೊದಲು ಪಕ್ಕಕ್ಕೆ ಸರಿಸಬೇಕು. ಕಿತ್ತಳೆ ಬಣ್ಣದ ಪೈಲಟ್, ಗುಲಾಬಿ ಬಣ್ಣದ ಪೈಲಟ್, ಇವೆಲ್ಲ ಹಳೆ ಮಷಿನ್‌ಗೆ ಹೊಸ ಡಯಲ್ ಬಳಿದು ಕೂರಿಸಿದವು. ವಾಚಿನ ಹುಚ್ಚರು ಇವನ್ನು "ಮುಂಬೈ ಸ್ಪೆಷಲ್" ಅನ್ನುತ್ತಾರೆ. ಕಂಡುಹಿಡಿಯುವುದು ಕಷ್ಟವಿಲ್ಲ. ಅಕ್ಷರಗಳು ದಪ್ಪಗೆ ಊದಿಕೊಂಡಿರುತ್ತವೆ. ಕತ್ತಲಲ್ಲಿ ಹೊಳೆಯಲು ಹಚ್ಚುವ ಪುಡಿ ಮುಳ್ಳಿನ ಮೇಲೆ ಹಳೇ ತುಪ್ಪದ ಬಣ್ಣಕ್ಕೆ ತಿರುಗಿದ್ದರೆ ಡಯಲಿನ ಚುಕ್ಕಿಗಳು ಮಾತ್ರ ಅಚ್ಚ ಬಿಳಿ. ಒಂದೇ ಮನೆಯಲ್ಲಿ ಬೆಳೆದವರಿಗೆ ಬೇರೆ ಬೇರೆ ವಯಸ್ಸಾಗುವುದು ಹೇಗೆ? ಬಾಡಿಯ ಮೂಲೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಪಾಲಿಶ್ ಬರಲಿ ಅಂತ ಬಫ್ ಹೊಡೆದೂ ಹೊಡೆದೂ ಸೋಪಿನ ಚೂರಿನಂತೆ ದುಂಡಗಾಗಿದ್ದರೆ ಅದರ ಚಹರೆ ಹೋಯಿತು ಅಂತಲೇ.

ಹಾಗಂತ ಡಯಲ್ ಬಳಿಯುವವರನ್ನು ಕಳ್ಳರು ಅನ್ನಲಾರೆ. ಆ ಕಾಲದಲ್ಲಿ ಯಜಮಾನರೇ ರಿಪೇರಿಯವರ ಹತ್ತಿರ ಹೋಗಿ, ಮಗಳ ಮದುವೆ ಇದೆ, ಡಯಲ್ ಮಸುಕಾಗಿದೆ, ಹೊಸದು ಮಾಡಿಕೊಡಿ ಅನ್ನುತ್ತಿದ್ದರು. ಕಟ್ಟುವುದಕ್ಕೆ ಅದು ಚೆನ್ನಾಗೇ ಇರುತ್ತದೆ. ಕಂಪನಿ ಡಯಲ್ ಅಂತ ಹೇಳಿ ಕಂಪನಿ ಬೆಲೆ ಕೇಳಿದಾಗ ಮಾತ್ರ ತಕರಾರು. ನನ್ನ ಮಟ್ಟಿಗೆ, ಅಂಚಿನಲ್ಲಿ ಟೀ ಬಣ್ಣಕ್ಕೆ ತಿರುಗಿದ ಮೂಲ ಡಯಲಿನ ಮುಂದೆ ಹೊಸ ಬಣ್ಣದ್ದು ಯಾವ ಮೂಲೆಗೂ ಸಾಲದು. ಗಾಜಿನ ಗೀರೂ ಇರಲಿ. ಅದು ಯಾವುದೋ ಬಸ್ ಸ್ಟಾಂಡಿನ ಕಂಬಿಗೆ ತಗುಲಿ ಆದದ್ದು. ಅದನ್ನು ತಿಕ್ಕಿ ತೆಗೆಯಲು ನಾನು ಯಾರು?

ನಾನು ಹೋಗುವ ವಾಚ್ ರಿಪೇರಿಯವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಮೆಟ್ಟಿಲ ಕೆಳಗಿನ ಪುಟ್ಟ ಗೂಡು ಅವರ ಅಂಗಡಿ. ಕಣ್ಣಿಗೆ ಸಿಕ್ಕಿಸಿದ ಐಗ್ಲಾಸ್ ತೆಗೆಯದೆಯೇ ಮಾತಾಡುತ್ತಾರೆ. ಮುಂದೆ ಪೆಟ್ರೋಲಿನ ಬಟ್ಟಲು, ಚಿಮಟ, ಬಿಚ್ಚಿಟ್ಟ ಭಾಗಗಳ ಮೇಲೆ ದೂಳು ಕೂರದ ಹಾಗೆ ಬೋರಲು ಹಾಕಿದ ಗಾಜಿನ ಮುಚ್ಚಳ. ಬಾಗಿಲ ಪಕ್ಕದ ಡಬ್ಬದಲ್ಲಿ ಸತ್ತ ವಾಚುಗಳು. ಸ್ಪೇರ್ ಬೇಕಾದಾಗ ಅದರಲ್ಲೇ ಕೈ ಆಡಿಸಿ ಹುಡುಕುತ್ತಾರೆ. "ಸಾರ್, ಎಲ್ರೂ ಹಳೇದು ತಂದು ಹೊಸದು ಮಾಡಿ ಅಂತಾರೆ. ನೀವೊಬ್ರು ಹಳೇದು ತಂದು ಹಳೇದಾಗೇ ಇರ್ಲಿ ಅಂತೀರಿ. ಅದಕ್ಕೆ ನಾನು ಚಾರ್ಜ್ ಏನಂತ ಮಾಡ್ಲಿ?"

ಈಚೆಗೆ ಗುಡ್ಡೆಯಿಂದ ಒಂದು ಕೊಹಿನೂರ್ ಸಿಕ್ಕಿತು. ಮುಂಭಾಗ ಅಂಥ ವಿಶೇಷ ಏನಲ್ಲ. ತಿರುಗಿಸಿ ನೋಡಿದರೆ ಸ್ಟೀಲ್ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರ. ಪಾತ್ರೆ ಅಂಗಡಿಯಲ್ಲಿ ಚೊಂಬಿಗೆ, ತಟ್ಟೆಗೆ ಹೆಸರು ಕೊರೆಯುತ್ತಾರಲ್ಲ, ಅದೇ ಮಷಿನ್ನಿನ ಕೆಲಸ. "ಮಾವನವರ ಉಡುಗೊರೆ". ಕೆಳಗೆ ತಾರೀಖು ಇತ್ತು, ಮಣಿಕಟ್ಟಿಗೆ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಹೆಸರಿಲ್ಲ. ಕೊರೆಯುವವರು ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳಿರಬೇಕು, ಮಾವ ಅಲ್ಲಿಗೇ ನಿಲ್ಲಿಸಿರಬೇಕು.

ಆ ಮಾವನ ಬಗ್ಗೆ ಎಷ್ಟು ಯೋಚನೆ ಮಾಡಿದರೂ ಮುಗಿಯುವುದಿಲ್ಲ. ವಾಚಿನ ಮೇಲೆ ಯಾಕೆ ಬರೆಸಿದ? ಅಳಿಯ ಮಾರಿಕೊಳ್ಳಬಾರದು ಅಂತಲೇ? ಅಥವಾ ಟೈಮ್ ನೋಡಿದಾಗಲೆಲ್ಲ ತಾನು ಮಾಡಿದ ಖರ್ಚು ನೆನಪಾಗಲಿ ಅಂತಲೇ? ವರ ಕಾಂಚನ್ ಕೇಳಿರಬಹುದು, ಮಾವ ಕೊಹಿನೂರಿಗೆ ಒಪ್ಪಿಸಿರಬಹುದು. ಆದರೆ ತಾರೀಖು ಅಳಿಯುವಷ್ಟು ಕಾಲ ಕಟ್ಟಿದ್ದಾನೆ ಅಂದರೆ ಅಳಿಯನಿಗೆ ಅಸಮಾಧಾನ ಇರಲಾರದು. ಹಾಗಾದರೆ ಗುಡ್ಡೆಗೆ ಬಂದದ್ದು ಹೇಗೆ? ಬಹುಶಃ ಮಕ್ಕಳು ಮನೆ ಖಾಲಿ ಮಾಡಿದಾಗ, ಹಳೇ ಪೇಪರ್ ಜೊತೆ. ಒಂದು ವಾಚು ಕೊಂಡರೆ ಇಷ್ಟೆಲ್ಲ ಗುಮಾನಿ ಪುಕ್ಕಟೆ. ಮುಚ್ಚಿದ ಡಬ್ಬಿಯಲ್ಲಿ ಬರುವ ಹೊಸ ವಾಚಿನ ಜೊತೆ ಗ್ಯಾರಂಟಿ ಕಾರ್ಡ್ ಒಂದು ಬರುತ್ತದೆ, ಅಷ್ಟೇ.

ಆಯಿಲಿಂಗಿಗೆ ಕೊಟ್ಟಾಗ ರಿಪೇರಿಯವರು ಮುಚ್ಚಳ ತಿರುಗಿಸಿ ನೋಡಿದರು. "ಬೇರೆಯವರ ಬರಹ ಯಾಕೆ ಸಾರ್, ಒಂದು ಬಫ್ ಹೊಡೆದ್ರೆ ಹೋಗುತ್ತೆ. ದುಡ್ಡು ಬೇಡ." ಬೇಡವೇ ಬೇಡ ಅಂದೆ. ಹೊಸ ಬೆಲ್ಟು ಮಾತ್ರ ಹಾಕಿಸಿಕೊಂಡೆ, 18 ಮಿಲಿಮೀಟರಿನದು, ಕಂದು ಬಣ್ಣ. ಈ ಹುಚ್ಚಿನಲ್ಲಿ ವಾಚಿಗಿಂತ ಬೆಲ್ಟಿಗೇ ಜಾಸ್ತಿ ಕೊಡುವ ಪ್ರಸಂಗಗಳು ಬರುತ್ತವೆ. ಮನೆಯಲ್ಲಿ ಆ ಲೆಕ್ಕ ಹೇಳುವ ಅಗತ್ಯ ಇಲ್ಲ.

ಯುಗಾದಿಗೆ ಮಾವನ ಮನೆಗೆ ಅದನ್ನೇ ಕಟ್ಟಿಕೊಂಡು ಹೋಗಿದ್ದೆ. ಕೈ ತೊಳೆಯುವ ಮುಂಚೆ ಬಿಚ್ಚಿ ಟೀಪಾಯಿ ಮೇಲಿಟ್ಟಿದ್ದನ್ನು ನಮ್ಮ ಮಾವ ಎತ್ತಿಕೊಂಡು ನೋಡಿದರು. ಆ ಕಾಲದವರು, ಕೊಹಿನೂರ್ ಅಂದರೆ ಅವರಿಗೂ ಪ್ರೀತಿ. ಕಿವಿಗಿಟ್ಟು ಕೇಳಿದರು, ತಲೆಯಾಡಿಸಿದರು. ಆಮೇಲೆ ತಿರುಗಿಸಿ, ಕನ್ನಡಕ ಮೇಲೆ ಸರಿಸಿ, ಒಂದೊಂದೇ ಅಕ್ಷರ ಓದಿದರು. ಅಡುಗೆಮನೆ ಕಡೆಗೂ ನನ್ನ ಕಡೆಗೂ ಒಂದೊಂದು ಸಲ ನೋಡಿದರು.

"ಅಳಿಯಂದಿರೇ, ನಾನು ಆವಾಗ ಕೊಟ್ಟಿದ್ದು ಉಂಗುರ ಅಲ್ವಾ? ವಾಚೂ ಕೊಟ್ಟಿದ್ನಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಒಳಗೆ ಕೂಗಿಯಾಗಿತ್ತು: "ಕೇಳಿದೆಯೇನೇ, ವಾಚೂ ಕೊಟ್ಟಿದ್ವಿ ನಾವು. ನಿಮ್ಮಣ್ಣ ಬಂದಾಗ ಇದನ್ನ ತೋರ್ಸು."