ಒಂದು 'ಸ್' ಬಿಟ್ಟುಹೋಗಿತ್ತು, ಅಷ್ಟೇ

ಇವತ್ತು ಬೆಳಿಗ್ಗೆ ಆರೂಕಾಲಿಗೆ ಗುಬ್ಬಿ ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. "ಏನ್ ಸಾರ್, ಎರಡ್ನೇ ಬಟನ್ ಮೂರ್ ಸಲ ಒತ್ತಿ ಅಂತ ಬರ್ದಿದೀರ. ಎಲ್ಲೈತೆ ಎರಡ್ನೇ ಬಟನ್ನು? ನಮ್ ಮಿಷಿನ್ನಾಗೆ ಇರೋದೇ ಒಂದು." ತ್ರೀ ಫೇಸ್ ಬಂದು ಅರ್ಧ ಗಂಟೆ ಆಗಿತ್ತಂತೆ. ಅಡಿಕೆ ತೋಟಕ್ಕೆ ನೀರು ಬಿಡಬೇಕು, ಮೋಟರ್ ಸ್ಟಾರ್ಟ್ ಆಗುತ್ತಿಲ್ಲ. ಮಗನ ಮೊಬೈಲಿನಲ್ಲಿ ಆ ಮಿಷಿನ್ನಿಗೆ ನಾವು ಬರೆದ ಕೈಪಿಡಿ ತೆಗೆದು, ಹುಡುಕಿ, ಸಿಕ್ಕ ಪುಟದಲ್ಲಿ ಇದ್ದ ಹಾಗೆ ಮಾಡಲು ಹೋಗಿದ್ದಾರೆ. ಆ ಪುಟ ಹಳೇ ಮಾಡೆಲ್ಲಿನ ಕರಡು. ಅದು ಹೊರಗೆ ಹೋಗಿದೆ ಅಂತ ನಮಗೇ ಗೊತ್ತಿರಲಿಲ್ಲ.

ಫೋನಿನಲ್ಲೇ ಹೇಳಿಕೊಟ್ಟೆ, ಮೋಟರ್ ಓಡಿತು. ಆದರೆ ಅವರ ಮುಕ್ಕಾಲು ಗಂಟೆ ಕರೆಂಟು ಹೋಯಿತಲ್ಲ, ಅದನ್ನು ಯಾರು ವಾಪಸ್ ಕೊಡೋದು?

ನಮ್ಮ ಕೈಪಿಡಿಗಳು ಸ್ಫಿಂಕ್ಸ್‌ನಲ್ಲಿ ತಯಾರಾಗುತ್ತವೆ ಅಂತ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನಾವು ಬರೆದ ಸಾದಾ ಪಠ್ಯದ ಫೈಲ್‌ಗಳಿಂದ ವೆಬ್ ಪುಟಗಳನ್ನು ಮಾಡಿಕೊಡುವ ಸಾಧನ ಅದು; ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ದಾಖಲೆಗಳಿಗಾಗಿ ಹುಟ್ಟಿ 2008ರಲ್ಲಿ ಹೊರಬಂತು. ನನಗೆ ಅದರ ಮೇಲೆ ಪ್ರೀತಿ ಇದೆ. ಅದರ ಸೆಟ್ಟಿಂಗ್‌ಗಳೆಲ್ಲ ಕಾನ್ಫ್ ಡಾಟ್ ಪೈ ಅನ್ನೋ ಒಂದೇ ಫೈಲಿನಲ್ಲಿ ಇರುತ್ತವೆ. ಯೋಜನೆಯ ಹೆಸರು, ಭಾಷೆ, ಥೀಮ್, ಯಾವ ಫೈಲ್ ಸೇರಬೇಕು, ಯಾವುದು ಸೇರಬಾರದು, ಎಲ್ಲ ಅಲ್ಲೇ.

ಏಳು ಗಂಟೆಗೆ ಆ ಫೈಲ್ ತೆರೆದು ಕೂತೆ. ಕರಡು ಫೋಲ್ಡರನ್ನು ಹೊರಗಿಡುವ ಸಾಲು ಇದೆ. ಫೋಲ್ಡರಿನ ಹೆಸರೂ ಸರಿ ಇದೆ. ಕೋಟ್ಸ್ ಸರಿ, ಬ್ರಾಕೆಟ್ ಸರಿ. ಮೂರು ಸಲ ಓದಿದ ಮೇಲೆ ಕಣ್ಣಿಗೆ ಬಿತ್ತು. 'ಎಕ್ಸ್‌ಕ್ಲೂಡ್ ಪ್ಯಾಟರ್ನ್ಸ್' ಅಂತ ಇರಬೇಕಾದ ಕಡೆ 'ಎಕ್ಸ್‌ಕ್ಲೂಡ್ ಪ್ಯಾಟರ್ನ್' ಅಂತ ಇದೆ. ಕೊನೆಯ 'ಸ್' ಇಲ್ಲ.

ಸ್ಫಿಂಕ್ಸ್ ಇದಕ್ಕೆ ಒಂದು ಮಾತೂ ಆಡುವುದಿಲ್ಲ. ಕಾನ್ಫ್ ಡಾಟ್ ಪೈ ಅಂದರೆ ಒಂದು ಪೈಥಾನ್ ಪ್ರೋಗ್ರಾಂ. ಅದನ್ನು ಓಡಿಸಿ, ತನಗೆ ಗೊತ್ತಿರುವ ಹೆಸರುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮಿಕ್ಕ ಹೆಸರು ನೀವು ನಿಮ್ಮ ಕೆಲಸಕ್ಕೆ ಇಟ್ಟುಕೊಂಡದ್ದು ಅಂತ ಸುಮ್ಮನಿರುತ್ತದೆ. ಅದೇ ತಪ್ಪು ಹೆಸರನ್ನು ಬಿಲ್ಡ್ ಮಾಡುವಾಗ, ಅಂದರೆ ಪುಟಗಳನ್ನು ತಯಾರಿಸುವಾಗ, ಕಮಾಂಡ್ ಸಾಲಿನಲ್ಲಿ ಡ್ಯಾಶ್ ಮತ್ತು ದೊಡ್ಡಕ್ಷರದ ಡಿ ಹಾಕಿ ಕೊಟ್ಟು ನೋಡಿ, ಇದು ಗೊತ್ತಿಲ್ಲದ ಸೆಟ್ಟಿಂಗ್ ಅಂತ ಎಚ್ಚರಿಸುತ್ತದೆ. ಫೈಲಿನೊಳಗೆ ಬರೆದರೆ ಮೌನ.

ಹಾಗಂತ ಪೂರ್ತಿ ಮೌನವೂ ಅಲ್ಲ. ನನಗೆ ಸಂಕಟ ಆಗಿದ್ದು ಇಲ್ಲೇ. ಹೊರಗೆ ಉಳಿಯಬೇಕಿದ್ದ ಆ ಕರಡು ಒಳಗೆ ಸೇರಿದ ದಿನದಿಂದ, ಪ್ರತಿ ಬಿಲ್ಡಿನಲ್ಲೂ, ಈ ಪುಟ ಯಾವ ಪರಿವಿಡಿಯಲ್ಲೂ ಇಲ್ಲ ಅಂತ ಎಚ್ಚರಿಕೆ ಬರುತ್ತಿತ್ತು. ಮೆನುವಿನಲ್ಲಿ ಪುಟ ಕಾಣುತ್ತಿರಲಿಲ್ಲ, ಹುಡುಕಿದರೆ ಮಾತ್ರ ಸಿಗುತ್ತಿತ್ತು. ಎಚ್ಚರಿಕೆಗಳ ರಾಶಿಯೊಳಗೆ ಅದೂ ಒಂದಾಗಿ ಹೋಗಿತ್ತು. ಬಿಲ್ಡ್ ಕಮಾಂಡಿಗೆ ದೊಡ್ಡಕ್ಷರದ ಡಬ್ಲ್ಯು ಆಯ್ಕೆ ಹಾಕಿದ್ದರೆ ಎಚ್ಚರಿಕೆಯೇ ದೋಷ ಅಂತಾಗಿ ಬಿಲ್ಡ್ ಫೇಲ್ ಆಗುತ್ತಿತ್ತು. ನಾವು ಹಾಕಿರಲಿಲ್ಲ. ಯಾಕೆ? ಹಾಕಿದರೆ ಬಿಲ್ಡ್ ನಿಲ್ಲುತ್ತೆ ಅಂತ!

ಟೀಮಿನ ಹುಡುಗ ಪಾಪ, "ಔಟ್‌ಪುಟ್ ಬರ್ತಿತ್ತಲ್ಲ ಸರ್, ಇನ್ನೊಂದು ಪ್ರಾಜೆಕ್ಟಿಂದ ಕಾಪಿ ಮಾಡಿದ್ದು" ಅಂದ. ಎಲ್ಲರೂ ಕಾಪಿ ಮಾಡುತ್ತಾರೆ, ಒಪ್ಪುತ್ತೇನೆ. ನೂರಾರು ಸೆಟ್ಟಿಂಗ್‌ಗಳಿರುವ ಸಾಧನ, ಎಲ್ಲವನ್ನೂ ಮೊದಲಿಂದ ಬರೆಯಲು ಯಾರಿಗೆ ಪುರಸೊತ್ತಿದೆ? ಆದರೆ ಕಾಪಿ ಮಾಡಿದ ಹತ್ತು ಸಾಲನ್ನು ಓದಲು ಹತ್ತು ನಿಮಿಷ ಸಾಕು. ಔಟ್‌ಪುಟ್ ಬಂತು ಅಂದರೆ ಸರಿಯಾದ ಔಟ್‌ಪುಟ್ ಬಂತು ಅಂತ ಅಲ್ಲ. ಇದೇ ಫೈಲಿನಲ್ಲಿ ಆವೃತ್ತಿ ಸಂಖ್ಯೆಯೂ ಕೈಯಲ್ಲಿ ಬರೆದದ್ದು, ಎರಡು ಬಿಡುಗಡೆ ಹಿಂದಿನದು. ಪೈಥಾನ್ ಫೈಲ್ ತಾನೇ, ಇನ್ನೊಂದು ಫೈಲಿನಿಂದ ಆ ಸಂಖ್ಯೆ ಓದಿಕೋ ಅಂತ ಎರಡು ಸಾಲು ಬರೆದರೆ ಮುಗಿಯುತ್ತಿತ್ತು.

ಆ ಹುಡುಗನ ಮೇಲೆ ನಾನು ರೇಗಲಿಲ್ಲ. ಆ ಬದಲಾವಣೆಯನ್ನು ನೋಡಿ ಒಪ್ಪಿಗೆ ಕೊಟ್ಟವನು ನಾನು. ತಾರೀಖು ತೆಗೆದು ನೋಡಿದೆ. ಬೆಂಗಳೂರಿನಿಂದ ಸಂಜೆ ರೈಲಿನಲ್ಲಿ ವಾಪಸ್ ಬರುವಾಗ, ಹಿರೇಹಳ್ಳಿ ದಾಟುವ ಹೊತ್ತಿಗೆ, ಮೊಬೈಲಿನಲ್ಲೇ ನೋಡಿ ಸರಿ ಅಂದಿದ್ದೇನೆ. ಓದಿರಲಿಲ್ಲ. ಬೆಳಿಗ್ಗೆಯಿಂದ ಅದೇ ಮನಸ್ಸಲ್ಲಿ ಕೊರೆಯುತ್ತಿದೆ.

'ಸ್' ಸೇರಿಸಿ ಮತ್ತೆ ಬಿಲ್ಡ್ ಮಾಡಿದೆವು. ಹುಡುಕಿದರೆ ಪುಟ ಬರಲಿಲ್ಲ. ಸದ್ಯ ಅಂದುಕೊಂಡು ಹಳೇ ವಿಳಾಸವನ್ನು ನೇರವಾಗಿ ಹೊಡೆದರೆ, ಪುಟ ಅಲ್ಲೇ ಇದೆ! ಸ್ಫಿಂಕ್ಸ್ ಹಿಂದೆ ತಯಾರಿಸಿಟ್ಟ ಪುಟವನ್ನು ತಾನಾಗಿ ಅಳಿಸುವುದಿಲ್ಲ. ಬಿಲ್ಡ್ ಫೋಲ್ಡರ್ ಪೂರ್ತಿ ಖಾಲಿ ಮಾಡಿ, ಸರ್ವರಿನಲ್ಲಿ ಇದ್ದದ್ದನ್ನೂ ತೆಗೆದು, ಹೊಸದಾಗಿ ಹಾಕಿದೆವು. ಈಗ ಡಬ್ಲ್ಯು ಕೂಡ ಹಾಕಿದ್ದೇವೆ. ಬಿಲ್ಡ್ ನಿಂತಿದೆ. ಐವತ್ತಕ್ಕೂ ಜಾಸ್ತಿ ಎಚ್ಚರಿಕೆಗಳಿವೆ, ಒಂದೊಂದನ್ನೇ ಸರಿ ಮಾಡುತ್ತಿದ್ದೇವೆ. ಸೆಟ್ಟಿಂಗಿನ ಪ್ರತಿ ಸಾಲಿನ ಮೇಲೆ ಅದು ಯಾಕಿದೆ ಅಂತ ಕನ್ನಡದಲ್ಲೇ ಕಾಮೆಂಟ್ ಬರೆಯುತ್ತಿದ್ದೇವೆ. ಕಾರಣ ಗೊತ್ತಿಲ್ಲದ ಸಾಲನ್ನು ತೆಗೆಯುತ್ತಿದ್ದೇವೆ.

ಸಂಜೆ ಆ ರೈತರಿಗೆ ಸರಿಯಾದ ಪುಟದ ಲಿಂಕ್ ಕಳಿಸಿ ಫೋನ್ ಮಾಡಿದೆ. "ಹಳೇದ್ ತೆಗ್ದ್ರಾ ಸಾರ್? ನಮ್ ಪಕ್ಕದ ತೋಟದೋರೂ ಅದನ್ನೇ ನೋಡ್ತಾರೆ" ಅಂದರು. ಒಂದು ನಿಮಿಷ ಇರಿ ಯಜಮಾನ್ರೆ ಅಂದು, ಆ ವಿಳಾಸವನ್ನು ಇನ್ನೊಂದು ಸಲ ತೆರೆದು ನೋಡಿ, ಆಮೇಲೆ ಹೇಳಿದೆ: ತೆಗೆದಿದ್ದೀವಿ.